ತಾರಸಿ ಸೋರಿಕೆ: ಮಳೆಗೆ ಮುಂಚೆ ನೀವೇ ಮಾಡಿಕೊಳ್ಳಬಹುದಾದ ರಿಪೇರಿ

"ಮಳೆ ಬಂದರೆ ಮೋಲ್ಡ್ ಸೋರುತ್ತೆ, ಯಾವ ಕೋಟಿಂಗ್ ಹಾಕಲಿ?" ಮಾರ್ಚ್ ತಿಂಗಳು ಬಂತೆಂದರೆ ಓದುಗರಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಜೂನ್ ಹೊತ್ತಿಗೆ ಅದೇ ಪ್ರಶ್ನೆ ಇನ್ನಷ್ಟು ಗಾಬರಿಯಿಂದ ಬರುತ್ತದೆ. ಒಂದು ಡಬ್ಬದ ಹೆಸರು ಹೇಳಿ ಮುಗಿಸಬಹುದು, ಆದರೆ ಅದರಿಂದ ಸೋರುವುದು ನಿಲ್ಲುವುದಿಲ್ಲ. ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಪತ್ತೆ ಮಾಡುವುದು ಮೊದಲ ಕೆಲಸ. ಆ ಬಿರುಕು, ಮೂಲೆಗಳನ್ನು ಗಾರೆಯಿಂದ ಗಟ್ಟಿಯಾಗಿ ಮುಚ್ಚುವುದು ಎರಡನೆಯದು. ಕೋಟಿಂಗ್ ಬರುವುದು ಇವೆರಡೂ ಮುಗಿದ ಮೇಲೆ. ಬಿರುಕಿನ ಮೇಲೆ ನೇರವಾಗಿ ಬಳಿದ ಕೋಟಿಂಗ್, ಬಿಸಿಲಿಗೆ ಬಿರುಕು ಹಿಗ್ಗಿ ಕುಗ್ಗಿದಾಗ ಅದೇ ಗೆರೆಯಲ್ಲಿ ಹರಿಯುತ್ತದೆ. ಮರುವರ್ಷ ಅದೇ ಜಾಗದಲ್ಲಿ ಬಕೆಟ್ ಇಡಬೇಕಾಗುತ್ತದೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಒಳಗಿನ ಚಾವಣಿಗೆ ಡ್ಯಾಂಪ್ ಪೇಂಟ್ ಬಳಿದು ತಾರಸಿ ಸೋರಿಕೆ ನಿಲ್ಲಿಸಲು ಆಗುವುದಿಲ್ಲ. ಮೇಲಿನಿಂದ ಬರುವ ನೀರನ್ನು ಮೇಲೆಯೇ ತಡೆಯಬೇಕು. ಒಳಗೆ ಬಳಿದರೆ ನೀರು ಕಾಂಕ್ರೀಟಿನಲ್ಲೇ ನಿಂತು ಕಂಬಿಗೆ ತುಕ್ಕು ಹಿಡಿಸುತ್ತದೆ. ಪೇಂಟು ಮೊದಲು ಗುಳ್ಳೆ ಏಳುತ್ತದೆ, ಆಮೇಲೆ ಸುಲಿಯುತ್ತದೆ. ಹಣ ಹೋಯಿತು, ಸೋರಿಕೆ ಉಳಿಯಿತು.

ಯಾರು ಇದಕ್ಕೆ ಕೈಹಾಕಬಾರದು

ಇಲ್ಲಿ ಹೇಳುವುದೆಲ್ಲ ಗಟ್ಟಿಯಾಗಿರುವ ಆರ್‌ಸಿಸಿ (ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟಿನ) ತಾರಸಿಗೆ ಮಾತ್ರ, ಮಾತಿನಲ್ಲಿ ಮೋಲ್ಡ್ ಎನ್ನುವುದು ಇದನ್ನೇ. ಮೊದಲು ಕೋಣೆಯೊಳಗೆ ನಿಂತು ಚಾವಣಿ ನೋಡಿ. ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದೆಯೇ? ಕಂಬಿಯ ಉದ್ದಕ್ಕೂ ನೇರ ಬಿರುಕು ಬಿಟ್ಟಿದೆಯೇ? ಚಾವಣಿಯ ನಡುಭಾಗ ಜಗ್ಗಿದಂತಿದೆಯೇ? ಹಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟು ಸಿಡಿದು ಕಳಚಿ ಬೀಳುತ್ತದೆ. ಕೋಟಿಂಗ್‌ನಿಂದ ಇದು ಸರಿಹೋಗುವುದಿಲ್ಲ. ಅವರು ಬಂದು ನೋಡುವವರೆಗೆ ಆ ಜಾಗದ ಕೆಳಗೆ ಮಂಚ ಹಾಕಬೇಡಿ.

ಮೈಸೂರು, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿಗಳು ಇನ್ನೂ ಇವೆ. ಸುಣ್ಣದ ಗಾರೆ ಹೀರಿದ ತೇವವನ್ನು ಮತ್ತೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ತೊಲೆ ಕೊಳೆಯುತ್ತದೆ. ಅಂಥ ಮನೆಗೆ ಸುಣ್ಣದ ಕೆಲಸ ಬಲ್ಲವರೇ ಬೇಕು. ವಿಜಯಪುರ, ಕಲಬುರಗಿ ಕಡೆಯ ಮಣ್ಣಿನ ಮಾಳಿಗೆಗಳ ರೀತಿಯೇ ಬೇರೆ, ಅವಕ್ಕೂ ಈ ಕ್ರಮ ಹೊಂದುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿದ್ದರೆ ತಾರಸಿ ಎಲ್ಲರಿಗೂ ಸೇರಿದ್ದು, ಅಸೋಸಿಯೇಷನ್ ಒಪ್ಪಿಗೆ ಇಲ್ಲದೆ ಉಳಿ ಹಿಡಿಯಬೇಡಿ.

ಯಾವಾಗ ಮಾಡಬೇಕು

ಫೆಬ್ರವರಿ ಮತ್ತು ಮಾರ್ಚ್ ಒಳ್ಳೆಯ ಕಾಲ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆ, ಅದರ ಬೆನ್ನಿಗೆ ಭರಣಿ ಶುರುವಾಗುತ್ತದೆ. ಸಂಜೆ ಗುಡುಗಿ ಅರ್ಧ ಗಂಟೆ ಸುರಿದರೂ ಹಸಿ ಕೋಟಿಂಗ್ ತೊಳೆದುಹೋಗುತ್ತದೆ. ಕೈಕೆಲಸ ನಾಲ್ಕೈದು ದಿನದ್ದೇ ಆದರೂ ನೀರುಣಿಸುವುದು, ಒಣಗಿಸುವುದು, ಪರೀಕ್ಷೆ ಎಲ್ಲ ಸೇರಿ ಮೂರು ವಾರ ಹಿಡಿಯುತ್ತದೆ. ಯುಗಾದಿಗೆ ಮನೆಗೆ ಬಣ್ಣ ಬಳಿಸುವ ಯೋಚನೆ ಇದ್ದರೆ ತಾರಸಿ ಕೆಲಸವನ್ನು ಸಂಕ್ರಾಂತಿ ಕಳೆದ ಕೂಡಲೇ ಹಿಡಿಯಿರಿ.

ಏನೇನು ಬೇಕು

ಉಪಕರಣಗಳು: ಸುತ್ತಿಗೆ, ಚೂಪಾದ ಉಳಿ, ತಂತಿ ಬ್ರಷ್, ಗಟ್ಟಿ ಪೊರಕೆ, ಕರಣೆ, ಬಾಂಡ್ಲಿ, 4 ಇಂಚಿನ ಬ್ರಷ್, ರೋಲರ್, ಸೀಮೆಸುಣ್ಣ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇರಲೇಬೇಕು, ಸಿಮೆಂಟು ಚರ್ಮವನ್ನು ಸುಡುತ್ತದೆ.

ಸಾಮಾನು: ಸಿಮೆಂಟು, ಜರಡಿ ಹಿಡಿದ ಮರಳು ಅಥವಾ ಪ್ಲಾಸ್ಟರಿಂಗ್‌ಗೆ ಬಳಸುವ ನುಣ್ಣನೆಯ ಎಂ-ಸ್ಯಾಂಡ್, ಇವುಗಳ ಜೊತೆಗೆ ಕೆಳಗಿನ ನಾಲ್ಕು.

- ಎಸ್‌ಬಿಆರ್ ಲೇಟೆಕ್ಸ್: ಹಳೆಯ ಕಾಂಕ್ರೀಟಿಗೆ ಹೊಸ ಗಾರೆ ಅಂಟಿಕೊಳ್ಳುವಂತೆ ಮಾಡುವ ಬಿಳಿ ದ್ರವ. ಅಂಗಡಿಯಲ್ಲಿ ಬರೀ "ವಾಟರ್‌ಪ್ರೂಫಿಂಗ್ ಲಿಕ್ವಿಡ್ ಕೊಡಿ" ಎಂದರೆ ಹೊಸ ಕಾಂಕ್ರೀಟಿಗೆ ಬೆರೆಸುವ ಬೇರೆಯೇ ದ್ರವ ಕೊಟ್ಟುಬಿಡುತ್ತಾರೆ. ರಿಪೇರಿಗೆ ಅದು ಕೆಲಸಕ್ಕೆ ಬಾರದು. ಡಬ್ಬದ ಮೇಲೆ "ಎಸ್‌ಬಿಆರ್" ಎಂದು ಬರೆದಿದೆಯೇ ಎಂದು ಓದಿ ಕೊಳ್ಳಿ.
- ಪಿಯು ಸೀಲೆಂಟ್: ಒಣಗಿದ ಮೇಲೂ ರಬ್ಬರಿನಂತೆ ಎಳೆಯುವ ಪಾಲಿಯುರೆಥೇನ್ ಅಂಟು. ಗನ್‌ಗೆ ಹಾಕಿ ಒತ್ತುವ ಟ್ಯೂಬಿನಲ್ಲಿ ಬರುತ್ತದೆ. ಇದರ ಬದಲು ಬಾತ್‌ರೂಮಿನ ಸಿಲಿಕಾನ್ ತರಬೇಡಿ, ಸಿಲಿಕಾನ್ ಮೇಲೆ ಯಾವ ಕೋಟಿಂಗೂ ಹಿಡಿಯುವುದಿಲ್ಲ.
- ಫೈಬರ್ ಮೆಶ್: ಗಾಜಿನ ನಾರಿನ ತೆಳುವಾದ ಬಲೆ, ಸುರುಳಿಯಲ್ಲಿ ಸಿಗುತ್ತದೆ. ಕೋಟಿಂಗ್ ಹರಿಯದಂತೆ ಹಿಡಿದಿಡುವುದು ಇದೇ.
- ಎಲಾಸ್ಟೊಮೆರಿಕ್ ಅಕ್ರಿಲಿಕ್ ಕೋಟಿಂಗ್: ಹಿಗ್ಗುವ ಗುಣವಿರುವ, ನೀರು ಬೆರೆಸಿ ಬಳಿಯುವ ತಾರಸಿ ಕೋಟಿಂಗ್. ಎರಡು ಸಲ ಬಳಿಯಲು ಲೀಟರಿಗೆ ಸಾಮಾನ್ಯವಾಗಿ 15ರಿಂದ 20 ಚದರ ಅಡಿ ಬರುತ್ತದೆ. ಡಬ್ಬದ ಮೇಲಿನ ಲೆಕ್ಕ ನಯವಾದ ನೆಲಕ್ಕೆ ಕೊಟ್ಟದ್ದು, ನಿಮ್ಮ ತಾರಸಿ ತರಿತರಿಯಾಗಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ. ಗೋಡೆಗೆ ಬಳಿಯುವ ಎಕ್ಸ್‌ಟೀರಿಯರ್ ಪೇಂಟು ಇದರ ಕೆಲಸ ಮಾಡದು.

1. ಸೋರಿಕೆಯ ಮೂಲ ಹುಡುಕಿ

ಇಡೀ ರಿಪೇರಿಯಲ್ಲಿ ತಾಳ್ಮೆ ಹೆಚ್ಚು ಬೇಕಾಗುವುದು ಇಲ್ಲಿ. ಇಲ್ಲಿ ಅವಸರಪಟ್ಟರೆ ಮುಂದಿನದೆಲ್ಲ ದಂಡ.

ಮೊದಲ ಪ್ರಶ್ನೆ: ಮಳೆ ಇಲ್ಲದಾಗಲೂ ತೇವ ಇದೆಯೇ? ಬೇಸಿಗೆಯಲ್ಲೂ ಕಲೆ ಒದ್ದೆಯಾಗಿದ್ದರೆ ಅದು ಮಳೆನೀರಲ್ಲ. ಮೇಲಿನ ಮಹಡಿಯ ಬಾತ್‌ರೂಮು, ಓವರ್‌ಹೆಡ್ ಟ್ಯಾಂಕು, ಸೋಲಾರ್ ವಾಟರ್ ಹೀಟರಿನ ಪೈಪು, ಏಸಿಯ ನೀರು, ಇವುಗಳಲ್ಲಿ ಒಂದಿರುತ್ತದೆ. ರಾತ್ರಿ ಟ್ಯಾಂಕಿನಿಂದ ಹೊರಡುವ ವಾಲ್ವ್ ಮುಚ್ಚಿ ನೀರಿನ ಮಟ್ಟ ಗುರುತು ಮಾಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಟ್ಯಾಂಕೋ ವಾಲ್ವಿಗೆ ಮೊದಲಿನ ಜಾಯಿಂಟೋ ಸೋರುತ್ತಿದೆ. ಮಟ್ಟ ಹಾಗೇ ಇದ್ದರೆ ಮರುದಿನ ರಾತ್ರಿ ವಾಲ್ವ್ ತೆರೆದು, ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ ಮತ್ತೆ ನೋಡಿ. ಆಗ ಇಳಿದರೆ ತೊಂದರೆ ಇರುವುದು ಪೈಪಿನಲ್ಲಿ ಇಲ್ಲವೇ ಫ್ಲಶ್ ಟ್ಯಾಂಕಿನಲ್ಲಿ.

ಮಳೆ ಬಂದಾಗ ಮಾತ್ರ ಸೋರುವುದಾದರೆ ತಾರಸಿಗೆ ಹತ್ತಿ. ಆದರೆ ಕೆಳಗೆ ಹನಿ ಬೀಳುವ ಜಾಗದ ನೇರ ಮೇಲೆಯೇ ತೂತಿರುತ್ತದೆ ಎಂದುಕೊಳ್ಳಬೇಡಿ. ನೀರು ಕಾಂಕ್ರೀಟಿನೊಳಗೆ, ಮೇಲಿನ ಗಾರೆಪದರದ ಅಡಿಯಲ್ಲಿ, ವೈರಿಂಗ್ ಪೈಪಿನ ಒಳಗೆಲ್ಲ ಹರಿದು ಎಲ್ಲೋ ಒಂದು ಕಡೆ ಇಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಫ್ಯಾನಿನ ಕೊಕ್ಕೆಯ ಬಳಿ ಹನಿಯುವುದು ಇದೇ ಕಾರಣಕ್ಕೆ: ಮೋಲ್ಡ್ ಹಾಕುವಾಗ ಹುದುಗಿಸಿದ ಪೈಪು ಅಲ್ಲಿಗೆ ಬಂದು ಮುಗಿಯುತ್ತದೆ. ಹಾಗೆ ಫ್ಯಾನು, ಲೈಟಿನ ಬಳಿ ನೀರು ಕಂಡರೆ ಆ ಕೋಣೆಯ ಎಂಸಿಬಿ (ಮೀಟರ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್ಚು) ಇಳಿಸಿ, ಪೂರ್ತಿ ಒಣಗುವವರೆಗೆ ಮುಟ್ಟಬೇಡಿ.

ಒಳಗಿನ ಕಲೆ ಯಾವ ಗೋಡೆಯಿಂದ ಎಷ್ಟು ಅಡಿ ದೂರದಲ್ಲಿದೆ ಎಂದು ಅಳೆದು, ಮೇಲೆ ಅದೇ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಅಲ್ಲಿಂದ ಸುತ್ತಲೂ, ಅದರಲ್ಲೂ ತಾರಸಿ ಎತ್ತರವಾಗಿರುವ ಕಡೆಗೆ, ಈ ಜಾಗಗಳನ್ನು ನೋಡಿ:

- ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ. ಬಿಸಿಲಿಗೆ ಇಟ್ಟಿಗೆ ಗೋಡೆ ಹಿಗ್ಗುವ ಲೆಕ್ಕವೇ ಬೇರೆ, ಕಾಂಕ್ರೀಟ್ ಹಿಗ್ಗುವ ಲೆಕ್ಕವೇ ಬೇರೆ, ಹಾಗಾಗಿ ಅವು ಸೇರುವ ಜಾಗದಲ್ಲಿ ಬಿರುಕು ಬೀಳುತ್ತದೆ. ಗೋಡೆ ಮತ್ತು ಚಾವಣಿ ಕೂಡುವ ಕಡೆ ಒಳಗೆ ಕಲೆ ಇದ್ದರೆ ಮೊದಲ ಅನುಮಾನ ಇದರ ಮೇಲೆ.
- ಮಳೆನೀರಿನ ಪೈಪಿನ ಬಾಯಿ.
- ನೆಲ ತೂರಿ ಹೋಗುವ ಪೈಪುಗಳ ಸುತ್ತ.
- ಸೋಲಾರ್ ಹೀಟರ್, ಡಿಶ್ ಆಂಟೆನಾ, ಬಟ್ಟೆ ಒಣಹಾಕುವ ಕಂಬಗಳಿಗಾಗಿ ಕೊರೆದ ಬೋಲ್ಟ್ ತೂತುಗಳು.
- ಹಳೆಯ ಮೋಲ್ಡ್‌ಗೆ ಆಮೇಲೆ ಹೊಸ ಕೋಣೆಯ ಮೋಲ್ಡ್ ಸೇರಿಸಿದ ಜಂಟಿ.
- ಪ್ಯಾರಪೆಟ್ ನೆತ್ತಿಯ ಬಿರುಕು. ಇದನ್ನು ಯಾರೂ ನೋಡುವುದಿಲ್ಲ. ಅಲ್ಲಿಂದ ಇಳಿದ ನೀರು ಗೋಡೆಯೊಳಗೇ ಸಾಗಿ ಕೆಳಗಿನ ಕೋಣೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಬಳಿಕ ಸುತ್ತಿಗೆಯ ಹಿಡಿಯಿಂದ ನೆಲವನ್ನು ಅಡಿ ಅಡಿಗೂ ತಟ್ಟುತ್ತ ಬನ್ನಿ. ಪೊಳ್ಳು ಸದ್ದು ಬಂದರೆ ಅಲ್ಲಿ ಮೇಲಿನ ಗಾರೆಪದರ ಕಾಂಕ್ರೀಟಿನಿಂದ ಬಿಟ್ಟಿದೆ, ಅಡಿಯಲ್ಲಿ ನೀರು ಓಡಾಡುತ್ತಿದೆ ಎಂದು ಅರ್ಥ. ಆ ಜಾಗವನ್ನೂ ಗುರುತು ಮಾಡಿ.

ಇಷ್ಟಾದರೂ ಅನುಮಾನ ಉಳಿದರೆ ನೀರು ನಿಲ್ಲಿಸಿ ನೋಡಬೇಕು. ಜೇಡಿಮಣ್ಣಿನಿಂದ ಪುಟ್ಟ ಬದು ಕಟ್ಟಿ ತಾರಸಿಯನ್ನು ಭಾಗ ಮಾಡಿ. ಒಂದು ಸಲಕ್ಕೆ ಒಂದು ಭಾಗದಲ್ಲಿ ಮಾತ್ರ ಒಂದು ಇಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ತಗ್ಗಿನ ಕಡೆಯಿಂದ ಆರಂಭಿಸಿ ಎತ್ತರದ ಕಡೆಗೆ ಹೋಗಿ. ಎಲ್ಲ ಕಡೆ ಒಟ್ಟಿಗೆ ನೀರು ಬಿಟ್ಟರೆ ಸೋರುತ್ತದೆ ಎಂಬುದಷ್ಟೇ ಗೊತ್ತಾಗುತ್ತದೆ, ಎಲ್ಲಿಂದ ಎಂಬುದು ಗೊತ್ತಾಗುವುದಿಲ್ಲ.

2. ತೊಳೆಯಿರಿ, ಕೆರೆಯಿರಿ

ಕುಂಡಗಳನ್ನು, ಹಳೆ ಸಾಮಾನನ್ನು ಪೂರ್ತಿ ತೆಗೆಯಿರಿ. ಕುಂಡದ ಅಡಿಯಿಂದ ಹೊರಟ ಬೇರು ಬಿರುಕಿಗೆ ಇಳಿದಿರುವುದುಂಟು. ಪ್ಯಾರಪೆಟ್ ಸಂದಿಯಲ್ಲಿ ಅರಳಿ ಸಸಿ ಹುಟ್ಟಿದ್ದರೆ ಮೇಲಿಂದ ಕಿತ್ತರೆ ಸಾಲದು, ಉಳಿಯಿಂದ ಬಿಡಿಸಿ ಬೇರು ತೆಗೆಯಬೇಕು.

ಪಾಚಿ, ಕಪ್ಪು ಕಟ್ಟಿದ ಕಡೆ ಬ್ಲೀಚಿಂಗ್ ಪೌಡರ್ ಕದಡಿದ ನೀರು ಸುರಿದು ಅರ್ಧ ಗಂಟೆ ಬಿಟ್ಟು ತಂತಿ ಬ್ರಷ್‌ನಿಂದ ಉಜ್ಜಿ. ಎಚ್ಚರಿಕೆ: ಬ್ಲೀಚಿಂಗ್ ಪೌಡರ್ ಜೊತೆ ಆ್ಯಸಿಡ್ ಆಗಲಿ, ಟಾಯ್ಲೆಟ್ ಕ್ಲೀನರ್ ಆಗಲಿ ಯಾವತ್ತೂ ಸೇರಿಸಬೇಡಿ. ಅದರಿಂದೇಳುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ. ತಾರಸಿಯ ನೀರು ನೆಲದಡಿಯ ತೊಟ್ಟಿಗೆ, ಅಂದರೆ ಸಂಪಿಗೆ ಇಳಿಯುವ ವ್ಯವಸ್ಥೆ ಇದ್ದರೆ ಆ ಪೈಪನ್ನು ಮೊದಲೇ ಮುಚ್ಚಿ, ಈ ನೀರೆಲ್ಲ ಹೊರಗೆ ಹೋಗಲಿ.

ಹಳೆಯ ಕೋಟಿಂಗ್ ಏನಾದರೂ ಇದ್ದರೆ, ಏಳುತ್ತಿರುವುದನ್ನೆಲ್ಲ ಕೆರೆದು ತೆಗೆಯಿರಿ. ಗಟ್ಟಿಯಾಗಿ ಅಂಟಿರುವುದು ಇರಲಿ. ಕೊನೆಗೆ ಬರಿಗೈಯಿಂದ ನೆಲ ಒರೆಸಿದರೆ ಅಂಗೈಗೆ ಧೂಳು ಹತ್ತಬಾರದು. ಕೋಟಿಂಗ್ ಧೂಳಿಗೆ ಅಂಟಿದರೆ ಧೂಳಿನ ಜೊತೆಗೇ ಏಳುತ್ತದೆ.

3. ಬಿರುಕು ತೆರೆದು ತುಂಬಿ

ಬಿರುಕಿನ ಮೇಲೆ ಸಿಮೆಂಟ್ ಹಾಲು ಸುರಿಯುವುದು, ವೈಟ್ ಸಿಮೆಂಟ್ ಸವರುವುದು ನಮ್ಮಲ್ಲಿ ರೂಢಿ. ಅದು ಮೇಲಷ್ಟೇ ಮುಚ್ಚುತ್ತದೆ, ಒಳಗೆ ಇಳಿಯುವುದಿಲ್ಲ, ಎರಡು ಬಿಸಿಲಿಗೆ ಮತ್ತೆ ಸೀಳುತ್ತದೆ. ಬಿರುಕನ್ನು ಮುಚ್ಚಬೇಕಾದರೆ ಮೊದಲು ಅಗಲ ಮಾಡಬೇಕು.

ಕೂದಲೆಳೆಯಷ್ಟು ತೆಳುವಾದ ಬಿರುಕುಗಳು ಜಾಲದಂತೆ ಹರಡಿದ್ದರೆ ಅವನ್ನು ಬಿಡಿ, ಕೋಟಿಂಗ್ ಮತ್ತು ಮೆಶ್ ನೋಡಿಕೊಳ್ಳುತ್ತವೆ. ಉಗುರು ಸಿಕ್ಕಿಕೊಳ್ಳುವಷ್ಟು ಅಗಲವಿದ್ದರೆ ಹೀಗೆ ಮಾಡಿ:

ಅ) ಬಿರುಕಿನ ಉದ್ದಕ್ಕೂ ಉಳಿಯಿಂದ ಸುಮಾರು 10 ಮಿಲಿಮೀಟರ್ ಅಗಲ, ಅಷ್ಟೇ ಆಳದ ಕಾಲುವೆ ತೆಗೆಯಿರಿ. ಮೇಲೆ ಅಗಲ, ಕೆಳಗೆ ಚೂಪು ಬರಲಿ. ಬಿರುಕು ಮುಗಿದ ಕಡೆಯಿಂದಲೂ ಎರಡು ಇಂಚು ಮುಂದಕ್ಕೆ ಹೋಗಿ. ಎಚ್ಚರಿಕೆ: ಆಳ ಮಾಡುತ್ತ ಹೋಗಬೇಡಿ. ಚಪ್ಪಡಿಯ ಕಂಬಿಯ ಮೇಲೆ ಇರಬೇಕಾದ ಕಾಂಕ್ರೀಟು 20 ಮಿಲಿಮೀಟರ್ ಆಸುಪಾಸು ಅಷ್ಟೇ. ಕಂಬಿ ಕಂಡರೆ ನಿಲ್ಲಿಸಿ. ದೊಡ್ಡ ಡ್ರಿಲ್ಲು, ಬ್ರೇಕರ್ ತರಲೇಬೇಡಿ, ಅದರ ಅದುರುವಿಕೆಗೆ ಹೊಸ ಬಿರುಕುಗಳು ಹುಟ್ಟುತ್ತವೆ.

ಆ) ಕಾಲುವೆಯ ಪುಡಿಯನ್ನೆಲ್ಲ ಬ್ರಷ್‌ನಿಂದ ತೆಗೆದು ನೀರಿನಿಂದ ತೊಳೆಯಿರಿ. ಗಾರೆ ತುಂಬುವಾಗ ಒಳಗೆ ತೇವ ಇರಬೇಕು, ನೀರು ನಿಂತಿರಬಾರದು.

ಇ) ಲೇಟೆಕ್ಸ್, ನೀರು, ಸಿಮೆಂಟು ಸೇರಿಸಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಬ್ರಷ್‌ನಿಂದ ಕಾಲುವೆಯೊಳಗೆ ಬಳಿಯಿರಿ. ಇದು ಅಂಟುಪದರ. ಲೇಟೆಕ್ಸಿನ ಪ್ರಮಾಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಡಬ್ಬ ನೋಡಿಕೊಳ್ಳಿ.

ಈ) ಆ ಪದರ ಇನ್ನೂ ಅಂಟಂಟಾಗಿರುವಾಗಲೇ ಒಂದು ಪಾಲು ಸಿಮೆಂಟು, ಮೂರು ಪಾಲು ಮರಳಿಗೆ ಲೇಟೆಕ್ಸ್ ಬೆರೆಸಿದ ಗಾರೆಯನ್ನು ಕರಣೆಯಿಂದ ಒತ್ತಿ ತುಂಬಿ. ಸಾಮಾನ್ಯವಾಗಿ ಲೇಟೆಕ್ಸ್ ಸಿಮೆಂಟಿನ ತೂಕದ ಹತ್ತನೇ ಒಂದರಷ್ಟು ಬೇಕಾಗುತ್ತದೆ. ನೀರು ಆದಷ್ಟೂ ಕಡಿಮೆ ಇರಲಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಅಂಟುಪದರ ಒಣಗಿಹೋದರೆ ಅದೇ ಹೊಸ ಗಾರೆಯನ್ನು ಅಂಟದಂತೆ ಮಾಡುತ್ತದೆ. ಹಾಗಾಗಿ ಒಮ್ಮೆಗೆ ನಾಲ್ಕೈದು ಅಡಿ ಮಾತ್ರ ಬಳಿದು, ತುಂಬಿ, ಮುಂದಕ್ಕೆ ಹೋಗಿ. ಮಧ್ಯಾಹ್ನದ ಬಿಸಿಲಲ್ಲಂತೂ ಬೇಡ.

ಉ) ಮರುದಿನವೆಲ್ಲ ಒದ್ದೆ ಗೋಣಿಚೀಲ ಹೊದಿಸಿಡಿ. ಆಮೇಲೆ ಒಣಗಲು ಬಿಡಿ.

ಹಳೆ ಮೋಲ್ಡ್ ಮತ್ತು ಹೊಸ ಮೋಲ್ಡ್ ಸೇರುವ ಜಂಟಿಗೆ ಗಾರೆ ತುಂಬಬೇಡಿ. ಎರಡೂ ಕಟ್ಟಡಗಳು ಬೇರೆ ಬೇರೆಯಾಗಿ ಅಲುಗುತ್ತವೆ, ಗಾರೆ ನಿಲ್ಲುವುದಿಲ್ಲ. ಅಲ್ಲಿ ಕಾಲುವೆಯನ್ನು ಪೂರ್ತಿ ಒಣಗಿಸಿ ಪಿಯು ಸೀಲೆಂಟ್ ತುಂಬಬೇಕು. ಸಂದಿ ಆಳವಾಗಿದ್ದರೆ ತಳಕ್ಕೆ ಮೊದಲು ಫೋಮಿನ ಹುರಿ ತುರುಕಿ, ಮೇಲೆ ಸೀಲೆಂಟ್ ಒತ್ತಿ. ಸೀಲೆಂಟಿಗೂ ಉಳಿತಾಯ, ಹಿಗ್ಗಲೂ ಅವಕಾಶ.

ಪೊಳ್ಳು ಸದ್ದು ಬಂದಿದ್ದ ಜಾಗಗಳಲ್ಲಿ ಬಿಟ್ಟಿರುವ ಗಾರೆಪದರವನ್ನು ಒಡೆದು ತೆಗೆದು ಇದೇ ಕ್ರಮದಲ್ಲಿ ಹೊಸದು ಹಾಕಿ. ತಾರಸಿಯ ಅರ್ಧಕ್ಕರ್ಧ ಪೊಳ್ಳಾಗಿದ್ದರೆ ಒಬ್ಬರಿಂದ ಆಗುವ ಕೆಲಸವಲ್ಲ, ಮೇಸ್ತ್ರಿ ಬೇಕು.

4. ಮೂಲೆ, ಪೈಪು, ನೀರಿನ ಬಾಯಿ

ತಾರಸಿ ಮತ್ತು ಪ್ಯಾರಪೆಟ್ ಸೇರುವ ನೇರ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಮೆಶ್ ಮಡಚಿ ಕೂರುವುದಿಲ್ಲ. ಅಲ್ಲಿ ಬಿರುಕು ತುಂಬಿದ ಮೇಲೆ ಅದೇ ಲೇಟೆಕ್ಸ್ ಗಾರೆಯಿಂದ ಎರಡು ಇಂಚು ಅಗಲ, ಎರಡು ಇಂಚು ಎತ್ತರಕ್ಕೆ ಮೂಲೆಯನ್ನು ಓರೆಯಾಗಿ ತುಂಬಿ. ಇದಕ್ಕೆ ಕೋವಿಂಗ್ ಎನ್ನುತ್ತಾರೆ. ಖಾಲಿ ಬಾಟಲಿಯೊಂದನ್ನು ಗಾರೆಯ ಮೇಲೆ ಎಳೆದರೆ ಗುಂಡಗಿನ ಆಕಾರ ಸುಲಭವಾಗಿ ಬರುತ್ತದೆ.

ಪೈಪುಗಳ ಸುತ್ತಲೂ ಒಂದು ಇಂಚು ಬಿಡಿಸಿ ಗಾರೆ ತುಂಬಿ. ಪಿವಿಸಿ ಪೈಪಿಗೆ ಸಿಮೆಂಟು ಅಂಟುವುದಿಲ್ಲ, ಮೊದಲು ಪೈಪನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ. ಗಾರೆ ಒಣಗಿದ ಮೇಲೆ ಪೈಪಿನ ಬುಡದ ಸುತ್ತ ಪಿಯು ಸೀಲೆಂಟ್ ಎಳೆಯಿರಿ. ಬೋಲ್ಟ್ ತೂತುಗಳಿಗೂ ಸೀಲೆಂಟೇ ಸರಿ. ಸ್ಟ್ಯಾಂಡಿನ ಬೋಲ್ಟ್ ಬಿಚ್ಚಿ, ತೂತಿಗೆ ಸೀಲೆಂಟ್ ತುಂಬಿ, ಮತ್ತೆ ಬಿಗಿದು, ತಲೆಯ ಸುತ್ತಲೂ ಇನ್ನೊಂದು ಸುತ್ತು ಹಾಕಿ.

ನೀರಿನ ಪೈಪಿನ ಬಾಯಿ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲೇ ಇರಬೇಕು. ಕೋಟಿಂಗ್ ಮೇಲೆ ಕೋಟಿಂಗ್ ಹಾಕುತ್ತ ಹೋದ ಮನೆಗಳಲ್ಲಿ ಬಾಯಿಯೇ ಎತ್ತರವಾಗಿ ಬಿಡುತ್ತದೆ. ಅಲ್ಲಿಗೆ ಜಾಲರಿ ಹಾಕಿ, ಒಂದು ತೆಂಗಿನ ಗರಿಯ ಚೂರು ಸಿಕ್ಕಿಕೊಂಡರೂ ತಾರಸಿ ಕೆರೆಯಾಗುತ್ತದೆ.

5. ನೀರು ನಿಲ್ಲುವ ತಗ್ಗು

ತಾರಸಿಗೆ ಒಂದು ಮೀಟರಿಗೆ ಒಂದು ಸೆಂಟಿಮೀಟರಿನಷ್ಟಾದರೂ ವಾಟ ಬೇಕು, ಅಂದರೆ ಹತ್ತು ಅಡಿಗೆ ಒಂದೂಕಾಲು ಇಂಚಿನ ಇಳಿಜಾರು. ನಾಲ್ಕು ಬಕೆಟ್ ನೀರು ಸುರಿದು ಒಂದು ಗಂಟೆ ಬಿಟ್ಟು ನೋಡಿ, ನಿಂತ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಸಣ್ಣ ತಗ್ಗುಗಳನ್ನು ಲೇಟೆಕ್ಸ್ ಗಾರೆಯಿಂದ ಸಮ ಮಾಡಬಹುದು. ಇಡೀ ತಾರಸಿಗೇ ವಾಟ ಇಲ್ಲದಿದ್ದರೆ ಹೊಸ ಗಾರೆಪದರವೇ ಬೇಕು. ಅದರ ಭಾರವನ್ನು ಮೋಲ್ಡ್ ಹೊರಬಲ್ಲದೇ ಎಂದು ಎಂಜಿನಿಯರ್ ಹೇಳಬೇಕು. ಹಳೆಯ ಪದರದ ಮೇಲೆ ಮತ್ತೊಂದು ಪದರ ಹೇರುತ್ತಲೇ ಹೋಗುವುದು ಅಪಾಯ.

6. ಕೋಟಿಂಗ್

ಗಾರೆ ಕೆಲಸ ಮುಗಿದ ಮೇಲೆ ಕಡಿಮೆಯೆಂದರೆ ಒಂದು ವಾರ ಒಣಗಲಿ. ಒಣಗಿದೆಯೇ ಎಂದು ತಿಳಿಯಲು ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿಗಟ್ಟಿದ್ದರೆ, ಇಲ್ಲವೇ ನೆಲ ಕಪ್ಪಾಗಿದ್ದರೆ ಇನ್ನೂ ತೇವವಿದೆ. ತೇವದ ಮೇಲೆ ಬಳಿದರೆ ಬೇಸಿಗೆಯಲ್ಲಿ ಆ ನೀರೇ ಆವಿಯಾಗಿ ಕೋಟಿಂಗನ್ನು ಗುಳ್ಳೆಯಂತೆ ಎತ್ತುತ್ತದೆ.

ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಬಳಿಯಿರಿ. ಕಾದ ನೆಲಕ್ಕೆ ಬಳಿದರೆ ಮೇಲೆ ತೊಗಲು ಕಟ್ಟಿ ಒಳಗೆ ಹಸಿ ಉಳಿಯುತ್ತದೆ.

ಮೊದಲು ನೀರು ಬೆರೆಸಿ ತೆಳು ಮಾಡಿದ ಪ್ರೈಮರ್ ಕೋಟು. ಎಷ್ಟು ನೀರು ಎಂಬುದು ಡಬ್ಬದಲ್ಲಿದೆ, ಅದಕ್ಕಿಂತ ಹೆಚ್ಚು ಬೇಡ. ಅದು ಒಣಗಿದ ಮೇಲೆ ಮೂಲೆಗಳು, ತುಂಬಿದ ಬಿರುಕುಗಳು, ಪೈಪಿನ ಬುಡಗಳಿಗೆ ಮೊದಲ ಆದ್ಯತೆ: ಅಲ್ಲಿ ಕೋಟಿಂಗ್ ಬಳಿದು, ಹಸಿಯಿರುವಾಗಲೇ ಮೆಶ್ ಪಟ್ಟಿ ಹಾಸಿ, ಬ್ರಷ್‌ನಿಂದ ಒತ್ತಿ ಸುಕ್ಕು ತೆಗೆದು ಮೇಲೆ ಇನ್ನೊಂದು ಕೈ ಬಳಿಯಿರಿ. ಆಮೇಲೆ ಇಡೀ ನೆಲಕ್ಕೆ ಒಂದು ಕೋಟು ಬಳಿಯುತ್ತ ಮೆಶ್ ಹಾಸಿ. ಒಂದು ಸಾಲು ಇನ್ನೊಂದರ ಮೇಲೆ ಮೂರರಿಂದ ನಾಲ್ಕು ಇಂಚು ಏರಿರಲಿ. ಇದು ರಾತ್ರಿಯೆಲ್ಲ ಒಣಗಲಿ. ಮರುದಿನ ಎರಡನೆಯ ಕೋಟನ್ನು ಅಡ್ಡಕ್ಕೆ ಬಳಿಯಿರಿ, ಮೊದಲನೆಯದು ಉದ್ದಕ್ಕಿದ್ದರೆ ಇದು ಅಗಲಕ್ಕೆ. ಮೆಶ್‌ನ ಕಣ್ಣುಗಳು ಕಾಣುತ್ತಿದ್ದರೆ ಮೂರನೆಯ ಕೋಟು ಬೇಕೇ ಬೇಕು.

ನೆಲಕ್ಕೆ ನಿಲ್ಲಿಸಬೇಡಿ, ಪ್ಯಾರಪೆಟ್ ಒಳಮುಖಕ್ಕೆ ಒಂದು ಅಡಿ ಎತ್ತರದವರೆಗೂ ಹೋಗಲಿ. ಪ್ಯಾರಪೆಟ್ ನೆತ್ತಿಗೂ ಬಳಿಯಿರಿ. ನೀರಿನ ಪೈಪಿನ ಬಾಯೊಳಗೂ ಬ್ರಷ್ ಇಳಿಸಿ.

ಬಣ್ಣ ಯಾವುದು ಎಂದು ಕೇಳುವವರಿಗೆ: ಬಿಳಿ. ಬಿಸಿಲನ್ನು ಹಿಂದಕ್ಕೆ ಕಳಿಸುವುದರಿಂದ ಕೆಳಗಿನ ಕೋಣೆ ತಂಪಾಗುತ್ತದೆ, ಕಾಂಕ್ರೀಟು ಹಿಗ್ಗಿ ಕುಗ್ಗುವುದೂ ಕಡಿಮೆಯಾಗುತ್ತದೆ.

ಕರಾವಳಿ, ಮಲೆನಾಡಿನ ಓದುಗರಿಗೆ ಒಂದು ಮಾತು. ವರ್ಷಕ್ಕೆ ಸಾವಿರ ಮಿಲಿಮೀಟರಿಗೂ ಕಡಿಮೆ ಮಳೆ ಕಾಣುವ ಬೆಂಗಳೂರಿಗೆ ಈ ಕೋಟಿಂಗ್ ಸಾಕು. ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಂಗಳೂರಿನಲ್ಲಿ, ವಾರಗಟ್ಟಲೆ ಬಿಸಿಲೇ ಕಾಣದ ಮಳೆಯಲ್ಲಿ, ಅಕ್ರಿಲಿಕ್ ಕೋಟಿಂಗ್ ಬೇಗ ಸೋಲುತ್ತದೆ. ಬಿರುಕು, ಮೂಲೆಗಳನ್ನು ಮೇಲೆ ಹೇಳಿದಂತೆ ಸರಿಮಾಡಿ, ಉಳಿದ ಹಣವನ್ನು ತಾರಸಿಯ ಮೇಲೆ ಶೀಟಿನ ಸೂರು ಹಾಕಿಸಲು ಇಟ್ಟುಕೊಳ್ಳಿ. ಆ ಊರುಗಳ ಜನ ಕಂಡುಕೊಂಡ ಈ ದಾರಿಯೇ ಅಲ್ಲಿಗೆ ಸರಿ ಎನ್ನುವುದು ನನ್ನ ಅಭಿಪ್ರಾಯ.

7. ನೀರು ನಿಲ್ಲಿಸಿ ಪರೀಕ್ಷೆ

ಕೊನೆಯ ಕೋಟು ಮುಗಿದು ಒಂದು ವಾರ ಬಿಡಿ. ನಂತರ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಒಂದರಿಂದ ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಕಾಯಿರಿ. ಅಷ್ಟು ಹೊತ್ತೂ ಕೆಳಗಿನ ಕೋಣೆಯಲ್ಲಿ ನೋಡುತ್ತಿರಿ. ಒಂದು ಇಂಚು ನೀರೆಂದರೆ ನೂರು ಚದರ ಅಡಿಗೆ ಸುಮಾರು 235 ಕಿಲೋ ಭಾರ. ಗಟ್ಟಿ ಮೋಲ್ಡ್‌ಗೆ ಇದು ಹೆಚ್ಚಲ್ಲ, ಆದರೆ ಎರಡು ಇಂಚಿಗಿಂತ ಎತ್ತರಕ್ಕೆ ತುಂಬಿಸುವ ಉತ್ಸಾಹ ಬೇಡ. ಕಂತ್ರಾಟುದಾರರಿಂದ ಮಾಡಿಸಿದ್ದರೂ ಕೊನೆಯ ಕಂತು ಕೊಡುವ ಮೊದಲು ಈ ಪರೀಕ್ಷೆ ಕೇಳಿ ಮಾಡಿಸಿ.

ಸಂಪಿಗೆ ಮಳೆನೀರು ಹಿಡಿಯುವವರು ಪರೀಕ್ಷೆಯ ನೀರನ್ನೂ ಮೊದಲ ಎರಡು ಮೂರು ಮಳೆಯ ನೀರನ್ನೂ ಹೊರಗೆ ಬಿಡಿ.

8. ಒಳಗಿನ ಗೋಡೆ, ಚಾವಣಿ

ಅವಸರ ಬೇಡ. ಮೇಲಿನ ನೀರು ನಿಂತರೂ ಕಾಂಕ್ರೀಟು ಕುಡಿದ ತೇವ ಹೊರಬರಲು ಮೂರು ನಾಲ್ಕು ವಾರ ಬೇಕು. ಕಿಟಕಿ ತೆರೆದಿಡಿ, ಫ್ಯಾನ್ ಓಡಲಿ. ಉಬ್ಬಿದ ಪುಟ್ಟಿಯನ್ನೆಲ್ಲ ಕೆರೆದುಬಿಟ್ಟರೆ ಬೇಗ ಒಣಗುತ್ತದೆ.

ಬಿಳಿ ಪುಡಿ ಎದ್ದಿದ್ದರೆ ಅದು ನೀರಿನ ಜೊತೆ ಹೊರಬಂದ ಲವಣ. ಒಣ ಬ್ರಷ್‌ನಿಂದ ಉಜ್ಜಿ ಉದುರಿಸಿ, ಒದ್ದೆ ಬಟ್ಟೆ ತಾಗಿಸಬೇಡಿ: ಉಪ್ಪು ಕರಗಿ ಮತ್ತೆ ಗಾರೆಯೊಳಗೇ ಸೇರುತ್ತದೆ. ಎರಡು ವಾರ ಬಿಟ್ಟು ನೋಡಿ, ಮತ್ತೆ ಪುಡಿ ಏಳದಿದ್ದರೆ ಕ್ಷಾರ ತಡೆಯುವ ಪ್ರೈಮರ್, ವೈಟ್ ಸಿಮೆಂಟಿನ ಪುಟ್ಟಿ, ಮತ್ತೆ ಪ್ರೈಮರ್, ಬಣ್ಣ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡ, ಸ್ವಲ್ಪ ತೇವಕ್ಕೂ ಮೆತ್ತಗಾಗುತ್ತದೆ.

ಮಳೆಗಾಲದ ನಡುವೆಯೇ ಸೋರಲು ಶುರುವಾದರೆ

ಕೋಟಿಂಗ್ ಡಬ್ಬ ತರಬೇಡಿ. ನೀರು ಪೈಪಿನ ಬಾಯಿಗೆ ಸಲೀಸಾಗಿ ಹೋಗುತ್ತಿದೆಯೇ ನೋಡಿ, ಅರ್ಧ ಸಮಸ್ಯೆ ಅಲ್ಲೇ ಇರುತ್ತದೆ. ದಪ್ಪ ಟಾರ್ಪಾಲನ್ನು ಪ್ಯಾರಪೆಟ್ ಮೇಲಿಂದ ಹಾಯಿಸಿ ಕಟ್ಟಿ, ಅಂಚಿಗೆ ಮರಳಿನ ಚೀಲ ಇಡಿ. ಗಾಳಿಮಳೆಯಲ್ಲಿ, ಗುಡುಗು ಸಿಡಿಲಿನಲ್ಲಿ ಮೇಲೆ ಹತ್ತಬೇಡಿ.

ಕೋಟಿಂಗ್ ಬಾಳಿಕೆ

ಅಕ್ರಿಲಿಕ್ ಕೋಟಿಂಗ್ ನಾಲ್ಕರಿಂದ ಆರು ವರ್ಷ ಬರುತ್ತದೆ. ಅದನ್ನು ಬೇಗ ಹಾಳುಮಾಡುವುದು ನಾವೇ. ಕಬ್ಬಿಣದ ಮಂಚ ಎಳೆದಾಡುವುದು, ಕುಂಡಗಳನ್ನು ನೇರವಾಗಿ ನೆಲಕ್ಕಿಡುವುದು, ದೀಪಾವಳಿಯಲ್ಲಿ ತಾರಸಿಯ ಮೇಲೆ ಹೂಕುಂಡ, ಭೂಚಕ್ರ ಹಚ್ಚುವುದು. ಭೂಚಕ್ರ ಸುತ್ತಿದ ಕಡೆಯೆಲ್ಲ ಕೋಟಿಂಗ್ ಸುಟ್ಟು ತೂತಾಗುತ್ತದೆ. ಕುಂಡಗಳನ್ನು ಇಟ್ಟಿಗೆ ಕಾಲಿನ ಮೇಲಿಡಿ, ಇಟ್ಟಿಗೆಯ ಅಡಿಗೆ ರಬ್ಬರ್ ತುಂಡು ಹಾಕಿ. ಹಪ್ಪಳ, ಸಂಡಿಗೆಗೆ ಚಾಪೆ ಹಾಸಿದರೆ ತೊಂದರೆಯಿಲ್ಲ, ಅದು ಹಾರದಂತೆ ಇಡುವ ಕಲ್ಲು ಚೂಪಾಗಿರದಿದ್ದರೆ ಸಾಕು. ಪ್ರತಿ ಏಪ್ರಿಲ್‌ನಲ್ಲಿ ಒಮ್ಮೆ, ಗೌರಿ-ಗಣೇಶ ಹಬ್ಬದ ಹೊತ್ತಿಗೆ ಒಮ್ಮೆ ಜಾಲರಿ ತೆಗೆದು ಕಸ ಗುಡಿಸಿ, ಮೂಲೆಗಳನ್ನು ನೋಡಿ. ಎಲ್ಲಾದರೂ ಅಂಗೈಯಗಲ ಎದ್ದಿದ್ದರೆ ಅಷ್ಟನ್ನೇ ಕತ್ತರಿಸಿ ತೆಗೆದು, ಮೆಶ್ ತುಂಡು ಇಟ್ಟು ಎರಡು ಕೈ ಬಳಿದರೆ ಆಯಿತು. ಅದಕ್ಕಾಗಿ ಉಳಿದ ಕೋಟಿಂಗನ್ನು ಬಿಗಿ ಮುಚ್ಚಳ ಹಾಕಿ ನೆರಳಿನಲ್ಲಿಡಿ. ಡಬ್ಬದ ಮೇಲೆ ತಂದ ತಾರೀಕು ಬರೆದಿಡಿ, ಅವಧಿ ಮುಗಿದದ್ದನ್ನು ಬಳಸಬೇಡಿ.